ನೂರೈವತ್ತು ಲೀಟರ್ ನೀರು, ಎರಡು ಮರುಭೂಮಿ

2024ರ ಸೆಪ್ಟೆಂಬರ್ ಕೊನೆಯ ವಾರ. ಬೆಳಿಗ್ಗೆ ಏಳಕ್ಕೆ ಇನ್ನೂ ಐದು ನಿಮಿಷ ಇತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಮನೆಯಲ್ಲಿ ಯಜಮಾನರೊಂದು ಲ್ಯಾಪ್‌ಟಾಪ್, ನಾನೊಂದು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆವು. ಮಾರ್ಚ್ ಕೊನೆಗೆ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿನ ಫರ್ನೆಸ್ ಕ್ರೀಕ್‌ ಕ್ಯಾಂಪಿನಲ್ಲಿ ಆರ್‌ವಿ, ಅಂದರೆ ಅಡುಗೆ, ಸ್ನಾನ, ಮಲಗುವ ವ್ಯವಸ್ಥೆಯೆಲ್ಲ ಇರುವ ಮನೆಯಂಥ ಗಾಡಿ, ನಿಲ್ಲಿಸಬೇಕಾದರೆ ಆರು ತಿಂಗಳು ಮೊದಲೇ ಜಾಗ ಹಿಡಿಯಬೇಕು. ಏಳು ಗಂಟೆಗೆ ಬುಕಿಂಗ್ ಶುರುವಾಗುತ್ತದೆ. ಕರೆಂಟು, ನಲ್ಲಿ, ಚರಂಡಿ ಮೂರೂ ಇರುವ ಜಾಗ ಅಲ್ಲಿ 18 ಮಾತ್ರ. ಅದು ನಮಗೆ ಸಿಗಲಿಲ್ಲ. ಬರೀ ಗಾಡಿ ನಿಲ್ಲಿಸುವ ಜಾಗ ಸಿಕ್ಕಿತು, ಮೂರು ರಾತ್ರಿಗೆ. ಆಮೇಲೆ ಎರಡು ರಾತ್ರಿ ಇನ್ನೊಂದು ಮರುಭೂಮಿ ಪಾರ್ಕು ಜೋಶುವಾ ಟ್ರೀಯ ಜಂಬೋ ರಾಕ್ಸ್‌ ಕ್ಯಾಂಪಿನಲ್ಲಿ. ಅಲ್ಲಂತೂ ಒಂದು ನಲ್ಲಿಯೂ ಇಲ್ಲ.

ಈ ಮರುಭೂಮಿಗಳಿಗೆ ಹೋಗುವುದಾದರೆ ವಸಂತದಲ್ಲೇ ಹೋಗಬೇಕು. ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಬೇಸಿಗೆಯಲ್ಲಿ ಬಾಡಿಗೆ ಆರ್‌ವಿಯನ್ನು ಅಲ್ಲಿಗೆ ಒಯ್ಯಲು ಕೆಲವು ಕಂಪನಿಗಳು ಬಿಡುವುದೇ ಇಲ್ಲ. ಮಾರ್ಚ್‌ನಲ್ಲಿ ಹಗಲು 28 ಡಿಗ್ರಿ ಆಸುಪಾಸು, ರಾತ್ರಿ ಹದವಾದ ತಂಪು. ಜೊತೆಗೆ ಈ ಸಲ ಚಳ್ಳಕೆರೆಯಿಂದ ಅಮ್ಮ ಬರುವವಳಿದ್ದಳು. ಯುಗಾದಿಯೂ ಅದೇ ದಿನಗಳಲ್ಲಿ ಬಂದಿತ್ತು.

ಗಾಡಿ ಎಷ್ಟು ಉದ್ದದ್ದು ಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ, ಇದು ನನ್ನ ಗಟ್ಟಿ ಅಭಿಪ್ರಾಯ. 30 ಅಡಿ ಗಾಡಿಯಲ್ಲಿ ಮೈಚಾಚಿ ಮಲಗಬಹುದು, ನಿಜ. ಆದರೆ ಡೆತ್ ವ್ಯಾಲಿಯ ಆರ್ಟಿಸ್ಟ್ಸ್ ಡ್ರೈವ್‌ನಲ್ಲಿ 25 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಡಾಂಟೆಸ್ ವ್ಯೂ ಗುಡ್ಡದ ಮೇಲಕ್ಕೂ ಇದೇ ನಿಯಮ. ಆರ್‌ವಿ ಹಿಂದೆ ಕಾರು ಎಳೆದುಕೊಂಡು ಹೋಗದವರಿಗೆ ಎರಡೂ ತಪ್ಪಿಹೋಗುತ್ತವೆ. ನಾವು 22 ಅಡಿಯದನ್ನು ತಗೊಂಡೆವು. ಅದರ ನೀರಿನ ಟ್ಯಾಂಕು ಸುಮಾರು 150 ಲೀಟರ್. ನಾಲ್ಕು ಜನ.

ಈ 150 ಲೀಟರ್ ವಿಷಯವನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹತ್ತು ಕೊಡ ಅನ್ನು. ದಿನಾ ತುಂಬಿಸ್ಕೋಬಹುದಾ?"

"ಒಂದ್ಕಡೆ ಆಗುತ್ತೆ. ಇನ್ನೊಂದ್ಕಡೆ ಆಗಲ್ಲಮ್ಮ."

"ಮತ್ತೆ ಯಾಕೆ ಹೆದರ್ಕೊಂತೀಯಾ? ನಾನು ಬರ್ತೀನಲ್ಲ."

ಬೇಕರ್ಸ್‌ಫೀಲ್ಡ್, ಟೆಹಾಚಪಿ ದಾಟಿ ರಿಡ್ಜ್‌ಕ್ರೆಸ್ಟ್‌ನಲ್ಲಿ ಟ್ಯಾಂಕು ತುಂಬ ಪೆಟ್ರೋಲ್ ಹಾಕಿಸಿದೆವು. ಪಾರ್ಕಿನೊಳಗೆ ಬೆಲೆ ಜಾಸ್ತಿ. ಟೌನ್ ಪಾಸ್ ಘಾಟಿ ಸುಮಾರು 5,000 ಅಡಿ. ಹತ್ತುವಾಗ ಎಂಜಿನ್ ಬಿಸಿಯಾಗದಿರಲಿ ಅಂತ ಏಸಿ ಆರಿಸಿದೆವು, ಇಳಿಯುವಾಗ ಪೂರ್ತಿ ಕೆಳಗಿನ ಗೇರು. ಕೆಳಗೆ ಮರಳದಿಬ್ಬಗಳು ಕಂಡಾಗ ಮಗಳು ಕಿರುಚಿದ ಸದ್ದಿಗೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಮ್ಮ ಎದ್ದು ಕೂತಳು.

ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಹಿಂದಿನ ಬಂಡೆಗೋಡೆಯಲ್ಲಿ ಬಹಳ ಮೇಲೆ 'ಸಮುದ್ರಮಟ್ಟ' ಅಂತ ಒಂದು ಪುಟ್ಟ ಫಲಕ ಹಾಕಿದ್ದಾರೆ. ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಪೀಕ್, ತಲೆಯ ಮೇಲೆ ಹಿಮ. ಅಮ್ಮ ಚಪ್ಪಲಿ ಬಿಟ್ಟು ಉಪ್ಪಿನ ಮೇಲೆ ನಡೆದಳು. ಬಗ್ಗಿ ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗಿಟ್ಟಳು. "ಅಡುಗೆ ಉಪ್ಪೇ ಕಣೇ" ಅಂದಳು. ಹೌದು, ಅಲ್ಲಿರುವುದರಲ್ಲಿ ಬಹುಪಾಲು ಅದೇ.

ಹೂವಿನ ವಿಷಯ ಮುಚ್ಚಿಡದೆ ಹೇಳಬೇಕು. 1998, 2005, 2016ರಂಥ ವರ್ಷಗಳಲ್ಲಿ ಈ ಕಣಿವೆ ಹಳದಿ ಹಾಸಿದಂತೆ ಅರಳಿತ್ತು. 2025ರಲ್ಲಿ ಹಾಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮಳೆ ಬಿದ್ದಿದ್ದೇ ಕಡಿಮೆ. ಇಲ್ಲಿನ ಬೀಜಗಳ ಮೇಲೆ ಒಂದು ಲೇಪ ಇರುತ್ತದೆ. ಅರ್ಧ ಇಂಚಾದರೂ ಮಳೆ ಬಿದ್ದು ಅದು ತೊಳೆದುಹೋದರೆ ಮಾತ್ರ ಮೊಳಕೆ. ಇಲ್ಲದಿದ್ದರೆ ಬೀಜ ವರ್ಷಗಟ್ಟಲೆ ಮಣ್ಣಲ್ಲೇ ಕಾಯುತ್ತದೆ. ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನಿಗೆ ತಕ್ಷಣ ಅರ್ಥವಾಯಿತು. ಹದ ಮಳೆ ಬೀಳದೆ ಶೇಂಗಾ ಬಿತ್ತದವರ ಮನೆಯವಳು ಅವಳು.

ಹೊಸ ವಿಷಯ ಕಲಿತದ್ದು ಜೋಶುವಾ ಟ್ರೀಯಲ್ಲಿ. ರಸ್ತೆ ಪಕ್ಕದಲ್ಲಿ ಅಂಗೈಯಗಲದ ಬೂದು ಬಣ್ಣದ ಎಲೆಯಂಥ ಕಾಂಡಗಳು, ತುದಿಯಲ್ಲಿ ಕಡುಗುಲಾಬಿ ಹೂವು. ಇಲ್ಲಿನವರು ಅದನ್ನು ಬೀವರ್‌ಟೇಲ್ ಅನ್ನುತ್ತಾರೆ. ಅಮ್ಮ ಗಾಡಿ ನಿಲ್ಲಿಸಿದಳು. "ಪಾಪಾಸುಕಳ್ಳಿ ಅಲ್ವೇನೇ ಇದು!" ಅದೇ ಕುಲ. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿ, ಬದುವಿನ ಕತ್ತಾಳೆ ಎರಡರದ್ದೂ ತವರು ಅಮೆರಿಕ ಖಂಡಗಳೇ. ಕೈ ಎತ್ತಿ ನಿಂತಂತಿರುವ ಜೋಶುವಾ ಮರ ಕೂಡ ಕತ್ತಾಳೆಯ ಬಳಗ. ಅದರ ಕೆನೆಬಣ್ಣದ ಹೂವಿಗೆ ಪರಾಗ ತಂದಿಡುವುದು ಒಂದು ಸಣ್ಣ ಪತಂಗ. ಅಲ್ಲೇ ಮೊಟ್ಟೆಯನ್ನೂ ಇಡುತ್ತದೆ. ಅದರ ಮರಿಗಳಿಗೆ ಮರದ ಒಂದಷ್ಟು ಬೀಜವೇ ಊಟ. "ಮನೆಯ ಪಕ್ಕದ ಗಿಡವನ್ನ ಇಷ್ಟು ವರ್ಷ ನಮ್ಮದೇ ಅನ್ಕೊಂಡಿದ್ದೆ" ಅಂತ ಅಮ್ಮ ಆ ಗುಲಾಬಿ ಹೂವಿನ ಮುಂದೆ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು.

ಚೋಯಾ ಕಳ್ಳಿಯ ತೋಟದಲ್ಲಿ ಮಾತ್ರ ಹುಷಾರು. ಬೆಳಗಿನ ಬಿಸಿಲಲ್ಲಿ ಉಣ್ಣೆ ಉಂಡೆಯಂತೆ ಹೊಳೆಯುತ್ತದೆ. ಅಮ್ಮನ ಸೆರಗು ಸವರಿದ್ದಷ್ಟೇ, ನಿಂಬೆಗಾತ್ರದ ಒಂದು ತುಂಡು ಕಳಚಿಕೊಂಡು ಅಂಟಿತು. ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ, ಕೈಯಲ್ಲಿ ಕೀಳಲು ಹೋದರೆ ಬೆರಳಿಗೇ ಹತ್ತುತ್ತದೆ. ಬಾಚಣಿಗೆಯ ಹಲ್ಲುಗಳನ್ನು ಬಟ್ಟೆ ಮತ್ತು ಕಳ್ಳಿಯ ನಡುವೆ ತೂರಿಸಿ ಒಂದೇ ಏಟಿಗೆ ಎಗರಿಸಬೇಕು. ಇಲ್ಲಿಗೆ ಬರುವವರು ಜೇಬಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳಿ.

ಇನ್ನು ನೀರಿನ ಆಡಳಿತ. ಫರ್ನೆಸ್ ಕ್ರೀಕ್ ಬಿಡುವ ಮುಂಚೆ ಗಲೀಜು ನೀರಿನ ಟ್ಯಾಂಕು ಖಾಲಿ ಮಾಡಿ, ಒಳ್ಳೇ ನೀರು ಭರ್ತಿ ಮಾಡಿಕೊಂಡೆವು. ಅಲ್ಲಿಂದಾಚೆಗೆ ಅಮ್ಮನದೇ ಕಾನೂನು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಬೇಕು. ಪಾತ್ರೆಗೆಲ್ಲ ಸೇರಿ ಎರಡು ಚೊಂಬು. ಸಿಂಕಿನ ನಲ್ಲಿ ತಿರುಗಿಸುವ ಅಧಿಕಾರ ಅವಳಿಗೆ ಮಾತ್ರ. ಅಕ್ಕಿ ತೊಳೆದ ನೀರನ್ನು ಜೋಶುವಾ ಮರದ ಬುಡಕ್ಕೆ ಹಾಕಲು ಹೊರಟಾಗ ನಾನು ತಡೆದೆ. ಬಳಸಿದ ನೀರನ್ನು ಇಲ್ಲಿ ನೆಲಕ್ಕೆ ಚೆಲ್ಲುವಂತಿಲ್ಲ, ಅದೂ ಟ್ಯಾಂಕಿಗೇ ಹೋಗಬೇಕು. ಅವಳಿಗೆ ಸಂಕಟವಾಯಿತು. ಆ ನೀರಲ್ಲೇ ಬೇಳೆ ಬೇಯಿಸಿದಳು.

ಇಷ್ಟು ಬಿಗಿ ಯಾಕೆ ಅಂತ ಯುಗಾದಿ ಬೆಳಿಗ್ಗೆ ಗೊತ್ತಾಯಿತು. ಇನ್ನೂ ನಸುಕು. ಹೊರಗೆ ಗಡಗಡ ಚಳಿ. ಅಮ್ಮ ಒಲೆ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಟ್ಯಾಂಕಿನ ಮೀಟರಿನಲ್ಲಿ ಮೂರನೇ ಒಂದು ಭಾಗ ನೀರು ತೋರಿಸುತ್ತಿತ್ತು.

"ಹತ್ರತ್ರ ಮೂರು ಕೊಡ ಉಳಿಸಿದೀನಿ. ಹಬ್ಬದ ದಿನ ಎಣ್ಣೆ ನೀರು ಬೇಡ್ವಾ? ಮೊದ್ಲು ಅಳಿಯಂದಿರು ಹೋಗ್ಲಿ."

ಗೀಸರಿನಲ್ಲಿ ಒಂದು ಸಲಕ್ಕೆ 22 ಲೀಟರ್ ಬಿಸಿನೀರು. ತಲಾ ಒಂದು ಬಕೆಟ್ಟಿನ ಲೆಕ್ಕ. ಗುಲಗಂಜಿಯಷ್ಟು ನೀರೂ ಪೋಲಾಗದಂತೆ ಒಬ್ಬರಾದ ಮೇಲೊಬ್ಬರು ಮಿಂದೆವು. ಬಂಡೆಗಳ ಮೇಲೆ ಬಿಸಿಲು ಬೀಳುವಷ್ಟರಲ್ಲಿ ಮಡಿಚುವ ಮೇಜಿನ ಮೇಲೆ ಬೇವು-ಬೆಲ್ಲ ಬಂತು. ಇಂಡಿಯನ್ ಅಂಗಡಿಯ ಒಣ ಬೇವಿನ ಹೂವು, ಊರಿನ ಬೆಲ್ಲ. ಪಕ್ಕದ ಗಾಡಿಯ ವಯಸ್ಸಾದ ದಂಪತಿಗೂ ಅಮ್ಮ ಕೊಟ್ಟು ಬಂದಳು. ಆಮೇಲೆ ಒದ್ದೆ ಕೂದಲು ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು, ಒಂದು ದೊಡ್ಡ ಬಂಡೆಯ ಮೇಲೆ ಕೂತಳು.

ಹೊರಡುವ ಹೊತ್ತಿಗೆ ಮೀಟರು ಖಾಲಿ ತೋರಿಸುತ್ತಿತ್ತು. ಮುಂದಿನ ನಲ್ಲಿ ಕಾಟನ್‌ವುಡ್‌ನಲ್ಲಿ. ಅಮ್ಮನ ಮಡಿಲಲ್ಲಿ ಒಂದು ಚೊಂಬು ಕುಡಿಯುವ ನೀರು ಇತ್ತು, ಬಾಯಿಗೆ ತಟ್ಟೆ ಮುಚ್ಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.