ಮೂಗಿನ ದಾರಿಯಲ್ಲಿ ಕಣ್ಣೀರು

ಇಂದು ಬೆಳಿಗ್ಗೆ ಪಕ್ಕದ ಮನೆಯ ಒಗ್ಗರಣೆಯ ಘಾಟು ಮೂಗಿಗೆ ಅಡರಿದ್ದೇ ತಡ, ಮರಳು ಬಿದ್ದಂತೆ ಉರಿಯುತ್ತಿದ್ದ ನನ್ನ ಒಣಗಣ್ಣುಗಳಲ್ಲಿ ನೀರು ತುಂಬಿಕೊಂಡಿತು.

ಘಾಟು ಕಣ್ಣನ್ನು ನೇರವಾಗಿಯೂ ಚುಚ್ಚುತ್ತದೆ ಎನ್ನಿ. ಆದರೆ ಮೂಗಿನೊಳಗೆ, ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ತುದಿಗಳು ಕೆರಳಿದರೂ ಸಾಕು, ಸುದ್ದಿ ಮಿದುಳಿನ ಕಾಂಡವನ್ನು ಮುಟ್ಟಿ, ಅಲ್ಲಿಂದ ಬೇರೆ ನರಗಳ ಮೂಲಕ ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಹೊರಡುತ್ತದೆ.

ಒಣಗಣ್ಣಿಗೆ ನರ ಪ್ರಚೋದನೆಯ ಚಿಕಿತ್ಸೆ ನಿಂತಿರುವುದು ಇದೇ ದಾರಿಯ ಮೇಲೆ.

2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದ ಟ್ರೂಟಿಯರ್ ಎಂಬ ಕೈಯಳತೆಯ ಸಾಧನಕ್ಕೆ, ಹೈಡ್ರೋಜೆಲ್ (ನೀರು ಹೀರಿದ ಮೆದು ಜೆಲ್) ತುದಿಯ ಎರಡು ಕಡ್ಡಿಗಳಿದ್ದವು. ಅವನ್ನು ಎರಡೂ ಹೊಳ್ಳೆಗಳಿಗೆ ತೂರಿಸಿ ಗುಂಡಿ ಒತ್ತಿದರೆ ಸಣ್ಣ ವಿದ್ಯುತ್ ಮಿಡಿತ ಹರಿದು ಮೂಗು ಕಚಗುಳಿಯಾಗಿ ಕಣ್ಣು ತೇವವಾಗುತ್ತಿತ್ತು. ನಾಲ್ಕು ಜನರ ಮುಂದೆ ಮೂಗಿಗೆ ಯಂತ್ರ ತುರುಕಿಕೊಳ್ಳುವ ಧೈರ್ಯ ನನಗಂತೂ ಇಲ್ಲ. 2020ರಲ್ಲಿ ಅದರ ಮಾರಾಟವೇ ನಿಂತಿತು.

ಮರುವರ್ಷ ಅದೇ ನರವನ್ನು ಔಷಧದಿಂದ ಎಬ್ಬಿಸುವ ಟೈರ್ವಾಯಾ ಸ್ಪ್ರೇ ಬಂತು. ಅದರಲ್ಲಿರುವ ವಾರೆನಿಕ್ಲಿನ್, ಧೂಮಪಾನ ಬಿಡಿಸಲು ಮಾತ್ರೆಯಾಗಿ ಮೊದಲೇ ಪರಿಚಿತವಾಗಿದ್ದ ಔಷಧ. ದಿನಕ್ಕೆರಡು ಸಲ ಪ್ರತಿ ಹೊಳ್ಳೆಗೂ ಒಂದೊಂದು ಸಿಂಪಡಣೆ. ಬಹುತೇಕರಿಗೆ ಜೊತೆಯಲ್ಲೇ ಸೀನು.

ಕೃತಕ ಕಣ್ಣೀರಿನ ಹನಿಗಳು ಹೊರಗಿನ ದ್ರವವನ್ನು ಸುರಿದು ಸುಮ್ಮನಾದರೆ, ಈ ವಿಧಾನವು ನಮ್ಮದೇ ಪ್ರೋಟೀನು, ಲವಣಗಳಿರುವ ಕಣ್ಣೀರನ್ನು ಹೊರಡಿಸುತ್ತದೆ. ನನಗೆ ಮೆಚ್ಚುಗೆಯಾದದ್ದು ಅದು. ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ಕೇಳಲಿದ್ದೇನೆ; ಸೀನುವುದಕ್ಕೆ ನನ್ನ ಅಭ್ಯಂತರವೇನೂ ಇಲ್ಲ.