ಒಂಟಿ ಎಲೆಯ ಜಾಡು ಹಿಡಿದು

ಕೆನಡಾದ ರಾಕಿ ಪರ್ವತಗಳಿಗೆ ಹೋದವರು ತಲೆಯೆತ್ತಿಕೊಂಡೇ ನಡೆಯುತ್ತಾರೆ. ಜೂನ್ ಮೊದಲ ವಾರದಲ್ಲಿ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನವನ್ನು ತಲುಪಿದ ನಾನೂ ಮೊದಲ ದಿನವನ್ನು ಹಿಮ ಹೊದ್ದ ಶಿಖರಗಳಿಗೇ ಒಪ್ಪಿಸಿಬಿಟ್ಟೆ. ಆದರೆ ನಾನು ಅಷ್ಟು ದೂರ ಹೋದದ್ದು ಗೇಣುದ್ದವೂ ಬೆಳೆಯದ ಕ್ಯಾಲಿಪ್ಸೊ ಎಂಬ ಕಾಡು ಆರ್ಕಿಡ್‌ಗಾಗಿ.

ಮರುದಿನ ಬೆಳಿಗ್ಗೆ ಬೋ ನದಿಯ ಕಣಿವೆಯಲ್ಲಿರುವ ಸ್ಪ್ರೂಸ್ ಕಾಡನ್ನು ಹೊಕ್ಕೆ. ಎಲ್ಕ್ ಜಿಂಕೆಗಳು ಮರಿ ಹಾಕುವ ಕಾಲವಾದ್ದರಿಂದ ಅವುಗಳಿಂದ ಕನಿಷ್ಠ 30 ಮೀಟರ್ ದೂರವಿರಬೇಕೆಂಬ ನಿಯಮ ನೆನಪಿತ್ತು. ಹೀಗಾಗಿ ಒಂದು ಕಣ್ಣು ನೆಲದ ಮೇಲೆ, ಇನ್ನೊಂದು ಪೊದೆಗಳ ಮೇಲೆ. ಒಂದು ಗಂಟೆ ಹೂವನ್ನು ಹುಡುಕಿ ಸೋತ ಮೇಲೆ, ಎಲೆಯನ್ನು ಹುಡುಕುವುದೇ ಲೇಸೆಂದು ಹೊಳೆಯಿತು. ಈ ಗಿಡಕ್ಕಿರುವುದು ಒಂದೇ ಎಲೆ. ಶರತ್ಕಾಲದಲ್ಲಿ ಚಿಗುರಿ, ಚಳಿಗಾಲವಿಡೀ ಹಿಮದಡಿಯಲ್ಲಿ ಹಸಿರಾಗಿಯೇ ಉಳಿದು, ಹೂ ಮುಗಿದ ಮೇಲೆ ಬೇಸಿಗೆಯಲ್ಲಿ ಒಣಗಿಹೋಗುವ ಆ ನೆರಿಗೆಯ ಎಲೆ, ಹಾವಸೆಗೆ ಅಂಟಿದಂತೆ ಬಿದ್ದಿತ್ತು. ಅದರ ಪಕ್ಕದಲ್ಲೇ, ನಾನು ಆಗಲೇ ಎರಡು ಬಾರಿ ದಾಟಿಹೋಗಿದ್ದ ಜಾಗದಲ್ಲಿ, ಹೂ ತಲೆಬಾಗಿ ನಿಂತಿತ್ತು.

ಕೆನ್ನೇರಳೆ ಬಣ್ಣದ ಐದು ಕಿರಿದಾದ ಎಸಳುಗಳು ಮೇಲಕ್ಕೆ ಹರಡಿದ್ದವು. ಕೆಳಗೆ ಪುಟ್ಟ ಚಪ್ಪಲಿಯಂಥ ತುಟಿ, ಅದರೊಳಗೆ ಕೆಂಗಂದು ಗೀರುಗಳು, ಬಾಯಲ್ಲಿ ಹಳದಿ ರೋಮಗಳ ಗೊಂಚಲು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಚಪ್ಪಲಿ ಆರ್ಕಿಡ್‌ಗಳ ಜೊತೆಗೇ ಸೇರಿಸಿದ್ದ. ನೋಡಿದರೆ ಅವನನ್ನು ದೂರಲು ಮನಸ್ಸಾಗುವುದಿಲ್ಲ. ಮುಂದೆ ಬೇರೆಯೇ ಕುಲವಾದಾಗ ಇದಕ್ಕೆ ದಕ್ಕಿದ್ದು ಪುರಾಣಕಥೆಯ ವೀರ ಒಡಿಸ್ಸಿಯಸ್‌ನನ್ನು ದ್ವೀಪದಲ್ಲಿ ಹಿಡಿದಿಟ್ಟ ಗ್ರೀಕ್ ಅಪ್ಸರೆಯ ಹೆಸರು.

ಈ ಹೂವಿನಲ್ಲಿ ಹನಿ ಮಕರಂದವೂ ಇಲ್ಲ. ಚಳಿನಿದ್ದೆಯಿಂದ ಆಗಷ್ಟೇ ಎದ್ದ, ಲೋಕಾನುಭವವಿಲ್ಲದ ಬಂಬಲ್ ರಾಣಿದುಂಬಿಗಳನ್ನು ಬಣ್ಣ ಮತ್ತು ನಸುಗಂಪಿನಿಂದ ಸೆಳೆದು, ಬರಿಗೈಯಲ್ಲಿ ಹೊರಹೋಗುವಾಗ ಪರಾಗದ ಮುದ್ದೆಯನ್ನು ಅವುಗಳ ಬೆನ್ನಿಗೆ ಅಂಟಿಸುತ್ತದೆ. ಕೆಲವು ಹೂಗಳಲ್ಲಿ ಮೋಸಹೋದ ದುಂಬಿ ಪಾಠ ಕಲಿತುಬಿಡುವುದರಿಂದ, ಕಾಯಿಕಟ್ಟುವ ಹೂಗಳು ಕಡಿಮೆ. ಕಟ್ಟಿದರೂ ಧೂಳಿನಂಥ ಆ ಬೀಜಗಳಲ್ಲಿ ಆಹಾರದ ಸಂಗ್ರಹವಿಲ್ಲದ ಕಾರಣ, ಮಣ್ಣಿನ ಶಿಲೀಂಧ್ರ ಉಣಿಸಿದರಷ್ಟೇ ಅವು ಮೊಳೆಯುತ್ತವೆ. ಆ ಶಿಲೀಂಧ್ರದ ನಂಟಿಲ್ಲದ ತೋಟಕ್ಕೆ ಕಿತ್ತೊಯ್ದು ನೆಟ್ಟ ಗಿಡ ಸಾಮಾನ್ಯವಾಗಿ ಬದುಕುವುದಿಲ್ಲ. ಉದ್ಯಾನದೊಳಗೆ ಕೀಳುವುದಂತೂ ಅಪರಾಧ.

ಎಲೆಯ ಗುರುತು ಹತ್ತಿದ ಮೇಲೆ ಹೂಗಳು ಒಂದರ ಹಿಂದೊಂದು ಕಣ್ಣಿಗೆ ಬಿದ್ದವು. ಹಾಗೆಯೇ ದಾರಿಯಂಚಿನಲ್ಲಿ ಯಾರದೋ ಬೂಟಿನಡಿ ನಜ್ಜಾದ ಎರಡು ಎಲೆಗಳೂ. ಅಲ್ಲಿಂದಾಚೆ ನಾನು ಕಾಲುದಾರಿಯನ್ನು ಬಿಟ್ಟು ಕದಲಲಿಲ್ಲ. ಹೊರಡುವ ಹೊತ್ತಿಗೆ ದುಂಬಿಯೊಂದು ಬಂದು, ಹತ್ತಿರದ ಹೂವಿನೊಳಗೆ ತೂರಿ, ಹಿಂದೆಹಿಂದೆ ಸರಿದು ಹೊರಬಂತು. ಅದರ ಬೆನ್ನ ಮೇಲೊಂದು ಹಳದಿ ಚುಕ್ಕೆ ಅಂಟಿತ್ತು. ಪಕ್ಕದ ಕ್ಯಾಲಿಪ್ಸೊದ ಮುಂದೆ ಅರೆಕ್ಷಣ ತೂಗಾಡಿದ ಅದು, ಒಳಗೆ ಹೋಗದೆ ನದಿಯ ಕಡೆಗೆ ಹಾರಿಹೋಯಿತು.