ಮೆಟಲ್ ಡಿಟೆಕ್ಟರ್ ಹಿಡಿದು ಹೊರಡಲು ಒಳ್ಳೆಯ ಹೊತ್ತು ಯಾವುದು?

ಕುಮಟಾಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಆ ಮಷಿನ್ ಹಿಡ್ಕೊಂಡು ಬೀಚಿಗೆ ಹೋಗ್ತೀಯಂತಲ್ಲ, ಬೆಳಿಗ್ಗೆ ಹೋಗೋದೋ, ಸಂಜೆಯೋ?" ಇಲ್ಲಿ ಇಂಗ್ಲೆಂಡಿನಲ್ಲಿ ಹೊಸದಾಗಿ ಮೆಟಲ್ ಡಿಟೆಕ್ಟರ್ ಕೊಂಡ ಗೆಳೆಯರ ಪ್ರಶ್ನೆಯೂ ಇದೇ. ನನ್ನ ಉತ್ತರ: ಮೊದಲು ತಿಥಿ ನೋಡಿ, ಆಮೇಲೆ ಗಡಿಯಾರ.

ನಾನು ಹೋಗುವುದು ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ. ಒಂದು ಕಾಲದಲ್ಲಿ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಕೆಲಸಗಾರರು ರಜೆ ಸಿಕ್ಕಿದ ಕೂಡಲೇ ರೈಲು ಹತ್ತಿ ಬರುತ್ತಿದ್ದ ಊರು ಇದು. ಕಡಲೊಳಗೆ ಚಾಚಿಕೊಂಡ, ಪಿಯರ್ ಎನ್ನುವ ಮೂರು ಕಟ್ಟೆಗಳಿವೆ. ಉತ್ತರದ ಕಟ್ಟೆ ಶುರುವಾದದ್ದು 1863ರಲ್ಲಿ. ಅಷ್ಟು ವರ್ಷಗಳಿಂದ ಜನರ ಜೇಬಿನಿಂದ ಬಿದ್ದದ್ದೆಲ್ಲ ಈ ಮರಳಿನಲ್ಲಿದೆ.

ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು 8 ಮೀಟರ್ ವ್ಯತ್ಯಾಸ. ನಮ್ಮ ಕುಮಟಾದಲ್ಲಿ ಅದು ಎರಡು ಮೀಟರಿನ ಆಸುಪಾಸು. ಬೇರೆ ದಿನ ನೀರಿನಡಿ ಇರುವ ಮರಳು ಆ ದಿನಗಳಲ್ಲಿ ಕಾಲಿಗೆ ಸಿಗುತ್ತದೆ. ಅಘನಾಶಿನಿ ನದಿಯಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರನ್ನು ನೋಡಿ ಬೆಳೆದ ನನಗೆ ಇದು ಹೊಸ ವಿಷಯವೇನಲ್ಲ. ನೀರು ಇಳಿದಾಗ ಹೋಗಬೇಕು, ಏರುವ ಮೊದಲು ಬರಬೇಕು. ಅವರು ಗಂಟೆ ನೋಡಿ ಹೊರಟಿದ್ದನ್ನು ನಾನು ಕಂಡಿಲ್ಲ.

ಇಳಿತದ ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತವಾದರೆ ಮುಂದಿನ ವಾರ ಏಳು ಗಂಟೆಗೆ ಅದೇ ಮರಳು ನೀರಿನಡಿ ಇರುತ್ತದೆ. ಆದರೆ ಒಂದು ಚಂದದ ವಿಷಯ ಇದೆ. ಒಂದು ಊರಿನಲ್ಲಿ ದೊಡ್ಡ ಇಳಿತ ಯಾವಾಗಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಬ್ಲ್ಯಾಕ್‌ಪೂಲಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಏಳರ ಸುತ್ತಮುತ್ತ ಒಂದು, ಸಂಜೆ ಏಳರ ಸುತ್ತಮುತ್ತ ಇನ್ನೊಂದು. ಅದೂ ಅಮಾವಾಸ್ಯೆ, ಹುಣ್ಣಿಮೆಯ ದಿನವೇ ಅಲ್ಲ. ಒಂದೆರಡು ದಿನ ಕಳೆದು, ಪಾಡ್ಯ ಬಿದಿಗೆಗೆ. ಅಷ್ಟಮಿ ನವಮಿ ಬಂತೆಂದರೆ ಇಳಿತ ಮಧ್ಯಾಹ್ನಕ್ಕೆ ಸರಿಯುತ್ತದೆ, ನೀರೂ ಅಷ್ಟು ದೂರ ಹೋಗುವುದಿಲ್ಲ. ಅಮ್ಮ ಕಳಿಸುವ ಕನ್ನಡ ಕ್ಯಾಲೆಂಡರ್ ನಮ್ಮ ಅಡುಗೆಮನೆ ಗೋಡೆಯಲ್ಲಿದೆ. ಯಾವ ವಾರ ಹೋಗಬೇಕು ಎಂದು ಅದೇ ಹೇಳುತ್ತದೆ. ನಿಮಿಷದ ಲೆಕ್ಕಕ್ಕೆ ಮಾತ್ರ ಉಬ್ಬರ ಇಳಿತದ ಪಟ್ಟಿ ನೋಡುತ್ತೇನೆ.

ಸರಿ, ಆ ದಿನ ಯಾವಾಗ ಇಳಿಯಬೇಕು? ಇಳಿತಕ್ಕೆ ಎರಡು ಗಂಟೆ ಮುಂಚೆ. ಹಿಂದೆ ಸರಿಯುವ ನೀರಿನ ಹಿಂದೆಯೇ ನಡೆಯುತ್ತಾ ಹೋಗಿ. ಇಳಿತದ ನಿಮಿಷ ಬಂದಾಗ ದಡದ ಕಡೆ ತಿರುಗಿ. "ಇನ್ನೂ ನೀರು ದೂರ ಇದೆ" ಎಂದು ನಿಲ್ಲಬೇಡಿ. ಈ ತೀರದಲ್ಲಿ ಮರಳು ಒಂದೇ ಸಮ ಇಲ್ಲ, ದಿಬ್ಬ ಮತ್ತು ತಗ್ಗು ಸಾಲುಸಾಲಾಗಿವೆ. ನೀರು ಮುಂದಿನಿಂದ ಬರುವ ಮೊದಲು ನಿಮ್ಮ ಬೆನ್ನ ಹಿಂದಿನ ತಗ್ಗಿಗೆ ನುಗ್ಗುತ್ತದೆ.

ನನಗೆ ಇದು ಆಗಿದೆ. ಇಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಕೆಲವು ಪಟ್ಟಿಗಳು ಹಳೆಯ ಸಮಯವನ್ನೇ ಕೊಡುತ್ತವೆ, ಒಂದು ಗಂಟೆ ನಾವೇ ಸೇರಿಸಬೇಕು. ಆ ಸಂಜೆ ನಾನು ನೋಡಿದ ಪಟ್ಟಿಯಲ್ಲಿ ಅದು ಸೇರಿಯೇ ಇತ್ತು. ನಾನು ಮತ್ತೊಂದು ಗಂಟೆ ಸೇರಿಸಿದೆ. ತಿರುಗಿ ನೋಡುವಾಗ ಹಿಂದಿನ ತಗ್ಗು ತುಂಬುತ್ತಿತ್ತು. ಮೊಣಕಾಲು ಮಟ್ಟದ ನೀರಲ್ಲಿ, ಕಾಲಡಿಯ ಮರಳು ಜಾರುತ್ತಿರುವಾಗ ದಾಟಿ ಬಂದೆ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಮೋರ್ಕಾಂಬ್ ಕೊಲ್ಲಿ. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಚಿಪ್ಪು ಆರಿಸುತ್ತಿದ್ದ ಕನಿಷ್ಠ 21 ಚೀನೀ ಕೆಲಸಗಾರರು ಏರುವ ನೀರಿಗೆ ಸಿಕ್ಕಿ ಸತ್ತರು. ಹಾಗಾಗಿ ಸಮಯದ ಮಾತು ಬಂದರೆ ನಾನು ಮೊದಲು ಹೇಳುವುದು ವಾಪಸ್ ಬರುವ ಸಮಯ. ಸಿಕ್ಕಿಹಾಕಿಕೊಂಡರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಬೆಳಿಗ್ಗೆಯೋ ಸಂಜೆಯೋ ಎಂಬುದು ಇನ್ನು ನೀವು ಹುಡುಕುವುದೇನು ಎಂಬುದರ ಮೇಲೆ. ಇವತ್ತು ಬಿದ್ದ ಉಂಗುರ, ಚಿಲ್ಲರೆ ಬೇಕಾದರೆ ಸಂಜೆ. ಜನ ಮನೆಗೆ ಹೋಗಿರುತ್ತಾರೆ, ಜೂನ್‌ನಲ್ಲಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ತಣ್ಣೀರಿಗೆ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಒಮ್ಮೆ ಒಬ್ಬ ಹೆಂಗಸು ಮದುವೆಯ ಉಂಗುರ ಕಳೆದುಕೊಂಡು ಅಳುತ್ತಾ ನಿಂತಿದ್ದರು. ಟವೆಲ್ ಕೊಡವಿದ ಜಾಗ ತೋರಿಸಿದರು. ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು. ಒಂದು ಉಬ್ಬರ ಕಳೆದಿದ್ದರೆ ಅದು ಅಲ್ಲೇ ಇರುತ್ತಿತ್ತು ಎಂದು ಹೇಳಲಾರೆ.

ಹಳೆಯ ನಾಣ್ಯ ಬೇಕಾದರೆ ನನ್ನ ಆಯ್ಕೆ ಬೆಳಗಿನ ಇಳಿತ. ಅದಕ್ಕಿಂತ ಒಳ್ಳೆಯದು ಪಡುವಣ ಗಾಳಿ ಜೋರಾಗಿ ಬೀಸಿ ನಿಂತ ಮೇಲಿನ ಮೊದಲ ಹಗಲಿನ ಇಳಿತ, ಅದು ಎಷ್ಟು ಗಂಟೆಗಾದರೂ ಇರಲಿ. ಅಲೆಗಳು ಮೇಲಿನ ಸಡಿಲ ಮರಳನ್ನು ಎಳೆದುಕೊಂಡು ಹೋಗಿರುತ್ತವೆ, ಭಾರವಾದದ್ದು ಗಟ್ಟಿ ಪದರದ ಮೇಲೆ ಉಳಿದಿರುತ್ತದೆ. ಹಾಗೆ ಸಿಕ್ಕಿದ ಕಪ್ಪಗಾದ ಶಿಲ್ಲಿಂಗ್ ಒಂದನ್ನು ತೊಳೆದಾಗ 1918 ಎಂದು ಕಂಡಿತು. 1920ಕ್ಕಿಂತ ಮುಂಚಿನ ಶಿಲ್ಲಿಂಗ್‌ನಲ್ಲಿ ಶೇಕಡ 92.5 ಬೆಳ್ಳಿ. ಆಮೇಲೆ 1946ರವರೆಗೆ ಅರ್ಧ ಮಾತ್ರ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಆ ವರ್ಷ ಮೊದಲ ಮಹಾಯುದ್ಧ ಮುಗಿದಿತ್ತು ಅಲ್ವಾ.

ಒಂದು ಸಣ್ಣ ಮಾತು: ಉಪ್ಪುನೀರು ಕುಡಿದ ಮರಳಿನಲ್ಲಿ ಒಂದೇ ಆವರ್ತನದ ಮಷಿನ್ ಸುಮ್ನೆ ಕಿರುಚುತ್ತದೆ. ನಿಮ್ಮದು ಅಂಥದ್ದಾದರೆ ಮೇಲಿನ ಒಣ ಮರಳೇ ಸಾಕು. ಆಗ ಇಳಿತಕ್ಕಿಂತ ಜನ ಖಾಲಿಯಾಗುವ ಹೊತ್ತು ಮುಖ್ಯ.

ಇನ್ನು ಊರಲ್ಲಿ ಮೆಲ್ಲಗೆ ಕೇಳುವ ಪ್ರಶ್ನೆ: "ಅಮಾವಾಸ್ಯೆ ರಾತ್ರಿ ಹೋದ್ರೆ ನಿಧಿ ಸಿಗುತ್ತಾ?" ರಾತ್ರಿ ಬೇಡವೇ ಬೇಡ. ಇಲ್ಲಿ ಕದ್ದು ರಾತ್ರಿ ಅಗೆಯುವವರನ್ನು ನೈಟ್‌ಹಾಕ್ ಎನ್ನುತ್ತಾರೆ, ರಾತ್ರಿ ಗಿಡುಗ ಎಂಬ ಅರ್ಥದಲ್ಲಿ. ಜಾಗದ ಒಡೆಯರ ಒಪ್ಪಿಗೆ ಪಡೆದು ಹಗಲಲ್ಲಿ ಹುಡುಕಬೇಕು. ಕಾನೂನಿನ ಪ್ರಕಾರ ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಭಾರತದಲ್ಲೂ 1878ರಿಂದ ಕಾಯ್ದೆ ಇದೆ. ಅದರ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಹೇಳಬೇಕು. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ನಿಧಿ ಆಸೆಗೆ ರಾತ್ರಿ ಹೋಗಿ ವ್ಯಾಸರಾಜರ ಬೃಂದಾವನವನ್ನೇ ಕೆಡವಿದರು. ಭಕ್ತರು ಸೇರಿ ಮತ್ತೆ ಕಟ್ಟಿದರು. ಒಡೆದ ಕಲ್ಲುಗಳ ಆ ಫೋಟೋ ನನ್ನ ಫೋನಿನಲ್ಲಿದೆ. ರಾತ್ರಿಯ ಪ್ರಶ್ನೆ ಕೇಳಿದವರಿಗೆ ಅದನ್ನೇ ತೆಗೆದು ತೋರಿಸುತ್ತೇನೆ.